ಫಾರ್ಮ್ಯಾಟ್ ಮಾಡುವ ಮುನ್ನ

ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ ಸಾರ್.’ ಯಂತ್ರ ನಿಧಾನವಾಗಿದೆಯೆ? ಫಾರ್ಮ್ಯಾಟ್. ವೈರಸ್ ಹೊಕ್ಕಿದೆಯೆ? ಫಾರ್ಮ್ಯಾಟ್. ಪರದೆ ನೀಲಿಯಾಗಿ ನಿಂತುಬಿಟ್ಟಿದೆಯೆ? ಅದಕ್ಕೂ ಫಾರ್ಮ್ಯಾಟೇ ಮದ್ದು. ಹಿಂದೆ ಹಳ್ಳಿಯ ಡಾಕ್ಟರು ಯಾವ ಕಾಯಿಲೆ ಬಂದರೂ ಒಂದು ಇಂಜೆಕ್ಷನ್ ಚುಚ್ಚಿ ಕಳಿಸುತ್ತಿದ್ದರಲ್ಲ, ಹಾಗೆ. ಇಂಜೆಕ್ಷನ್ ಹಾಕಿಸಿಕೊಳ್ಳದಿದ್ದರೆ ರೋಗಿಗೂ ಸಮಾಧಾನವಿರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ದೋಷ ಎಲ್ಲಿದೆಯೆಂದು ಹುಡುಕಲು ಅರ್ಧ ದಿನ ಬೇಕು. ಹುಡುಕಿದರೂ ಸಿಕ್ಕೀತೆಂಬ ಖಾತ್ರಿಯಿಲ್ಲ. ಅರ್ಧ ದಿನದ ಕೂಲಿ ಕೊಡಲು ಗಿರಾಕಿ ತಯಾರಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ತುಂಬುವುದು ಒಂದೆರಡು ಗಂಟೆಯ ಕೆಲಸ, ಫಲಿತಾಂಶವೂ ಹೆಚ್ಚು ಕಡಿಮೆ ಖಚಿತ. ಅವರ ಲೆಕ್ಕ ಅವರಿಗೆ ಸರಿಯಾಗಿದೆ. ಆದರೆ ಡಿಸ್ಕಿನಲ್ಲಿ ಇರುವುದು ಅವರದಲ್ಲ, ನಮ್ಮದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಸುತ್ತಮುತ್ತ ಎಷ್ಟೋ ಮನೆ, ಶಾಲೆ, ಅಂಗಡಿಗಳ ಕಂಪ್ಯೂಟರುಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆ ಹಾಕಿಸುವ ಪ್ರಸಂಗ ಬಂದಿದೆ. ಆದ್ದರಿಂದ ಈ ಫಾರ್ಮ್ಯಾಟ್ ಎಂಬುದು ಏನು, ಅದು ಯಾವಾಗ ಬೇಕು, ಯಾವಾಗ ಬೇಡ ಎಂದು ವಿಚಾರ ಮಾಡುವುದು ಒಳ್ಳೆಯದು.

ಗೆರೆ ಹಾಕುವ ಕೆಲಸ

ಕಾಂತತ್ವದ ಪಾಠ ಮಾಡುವಾಗ ನಾನು ಮಕ್ಕಳಿಗೆ ಕೆಟ್ಟುಹೋದ ಹಾರ್ಡ್ ಡಿಸ್ಕೊಂದನ್ನು ಬಿಚ್ಚಿ ತೋರಿಸುವುದುಂಟು. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಗ್ರಾಮಫೋನಿನ ಮುಳ್ಳಿನ ಹಾಗೆ ಚಾಚಿಕೊಂಡ ಸಣ್ಣ ತೋಳು. ‘ಅಕ್ಷರ ಎಲ್ಲಿದೆ ಸಾರ್?’ ಎಂದು ಯಾವನಾದರೂ ಒಬ್ಬ ಕೇಳಿಯೇ ಕೇಳುತ್ತಾನೆ. ಅಕ್ಷರವಿಲ್ಲ, ಕಾಂತೀಯ ಗುರುತುಗಳಿವೆ. ಕಣ್ಣಿಗೆ ಕಾಣುವುದಿಲ್ಲ.

ಇಂಥ ಡಿಸ್ಕಿನ ಮೊದಲ ರೂಪವನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ತಲಾ 24 ಅಂಗುಲ ಅಗಲದ 50 ತಟ್ಟೆಗಳಿದ್ದ ಆ ಯಂತ್ರ ಒಂದು ದೊಡ್ಡ ಬೀರುವಿನಷ್ಟಿತ್ತು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಇಂದಿನ 1 ಟೆರಾಬೈಟಿನ ಡಿಸ್ಕು ಅಂಗೈಯಲ್ಲಿ ಕೂರುತ್ತದೆ, ಸುಮಾರು ಎರಡು ಲಕ್ಷ ಪಟ್ಟು ಹೆಚ್ಚು ಹಿಡಿಯುತ್ತದೆ. ಅಷ್ಟು ಜಾಗವನ್ನು ಲೆಕ್ಕವಿಲ್ಲದೆ ಬಳಸಿದರೆ ಇಟ್ಟದ್ದು ಮತ್ತೆ ಸಿಗುವುದುಂಟೆ? ಅದಕ್ಕಾಗಿ ತಟ್ಟೆಯ ಮೇಲೆ ವರ್ತುಲಾಕಾರದ ಜಾಡುಗಳು, ಪ್ರತಿ ಜಾಡಿನಲ್ಲೂ ‘ಸೆಕ್ಟರ್’ ಎಂಬ ಸಣ್ಣ ತುಣುಕುಗಳು. ಒಂದು ಸೆಕ್ಟರಿಗೆ 512 ಬೈಟ್ ಎಂದು ಹಿಡಿದರೆ 1 ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 195 ಕೋಟಿ ಸೆಕ್ಟರುಗಳಾದವು. ಈ ಗೆರೆ ಹಾಕುವ ಕೆಲಸ ಈಗ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಅದನ್ನು ನೀವಾಗಲಿ ಅಂಗಡಿಯವರಾಗಲಿ ಮಾಡುವುದಿಲ್ಲ.

ನಾವು ಮಾಡುವ ಫಾರ್ಮ್ಯಾಟ್ ಬೇರೆ. ಶಾಲೆಯ ಗ್ರಂಥಾಲಯವನ್ನು ನೆನಪಿಸಿಕೊಳ್ಳಿ. ಸಾವಿರಾರು ಪುಸ್ತಕಗಳಿವೆ, ಯಾವುದು ಯಾವ ಕಪಾಟಿನಲ್ಲಿದೆ ಎಂದು ಬರೆದ ಒಂದು ರಿಜಿಸ್ಟರ್ ಇದೆ. ಆ ರಿಜಿಸ್ಟರನ್ನು ಎಸೆದು ಹೊಸ ಖಾಲಿ ರಿಜಿಸ್ಟರ್ ತಂದಿಟ್ಟು, ‘ನಮ್ಮಲ್ಲಿ ಪುಸ್ತಕಗಳೇ ಇಲ್ಲ’ ಎಂದು ಘೋಷಿಸಿದರೆ ಹೇಗೋ, ‘ಕ್ವಿಕ್ ಫಾರ್ಮ್ಯಾಟ್’ ಹಾಗೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೆ ಬಂದ ಎನ್‌ಟಿಎಫ್‌ಎಸ್ ಎಂಬ ಪದ್ಧತಿಯಲ್ಲಿ ಈ ರಿಜಿಸ್ಟರಿಗೆ ಮಾಸ್ಟರ್ ಫೈಲ್ ಟೇಬಲ್ ಎಂದು ಹೆಸರು. ಕ್ವಿಕ್ ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುವುದು ಇದಕ್ಕೇ. ಹೊಸ ರಿಜಿಸ್ಟರ್ ತೆರೆದದ್ದಷ್ಟೆ, ಪುಸ್ತಕಗಳು ಕಪಾಟಿನಲ್ಲಿ ಹಾಗೇ ಇವೆ.

ಪೂರ್ಣ ಫಾರ್ಮ್ಯಾಟಿನ ಕಥೆಯಲ್ಲಿ ಒಂದು ತಿರುವಿದೆ. ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಅದೂ ಪುಸ್ತಕಗಳನ್ನು ಮುಟ್ಟುತ್ತಿರಲಿಲ್ಲ. ಪ್ರತಿ ಸೆಕ್ಟರನ್ನು ಓದಿ ನೋಡಿ, ಕೆಟ್ಟಿದ್ದರೆ ಗುರುತು ಹಾಕುತ್ತಿತ್ತು ಅಷ್ಟೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಮಾತ್ರ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ಬರೆಯುವ ಡಿಸ್ಕಾದರೂ 1 ಟೆರಾಬೈಟಿಗೆ ಎರಡು ಗಂಟೆಯ ಹತ್ತಿರ ಬೇಕು. ಅಂಗಡಿಯವರು ಅಷ್ಟು ಹೊತ್ತು ಕಾಯುವುದಿಲ್ಲ. ಅವರು ಫಾರ್ಮ್ಯಾಟ್ ಎಂದರೆ ಕ್ವಿಕ್ ಫಾರ್ಮ್ಯಾಟ್ ಎಂದೇ ತಿಳಿಯಿರಿ.

ಹಾಗಾದರೆ ಫಾರ್ಮ್ಯಾಟ್ ಮಾಡಿದ ಮೇಲೂ ಫೈಲುಗಳು ಸಿಗುತ್ತವಲ್ಲ ಎಂದು ಧೈರ್ಯ ತಾಳಬೇಡಿ. ಫಾರ್ಮ್ಯಾಟ್ ಆದ ಕೂಡಲೇ ಅದೇ ಜಾಗದಲ್ಲಿ ಹೊಸ ವಿಂಡೋಸ್ ಬಂದು ಕೂರುತ್ತದೆ. ಅದರ ಹಿಂದೆಯೇ ಅಪ್‌ಡೇಟುಗಳು, ಬೇರೆ ಬೇರೆ ಸಾಫ್ಟ್‌ವೇರುಗಳು. ರಿಜಿಸ್ಟರಿನ ಪ್ರಕಾರ ಕಪಾಟು ಖಾಲಿ, ಹಾಗಾಗಿ ಹೊಸ ಪುಸ್ತಕ ಇಡುವವನು ಹಳೆಯದನ್ನು ಎತ್ತಿ ಎಸೆಯಲು ಅನುಮಾನಿಸುವುದಿಲ್ಲ. ಒಮ್ಮೆ ಮೇಲೆ ಬರೆದರೆ ಹೋಯಿತು. ಪೂರಾ ನಾಶ ಮಾಡುವುದು ಫಾರ್ಮ್ಯಾಟಲ್ಲ, ಅದರ ನಂತರದ ಇನ್‌ಸ್ಟಾಲು.

‘ಸಿ’ಯಲ್ಲಿ ಏನೂ ಇಲ್ಲ ತಾನೆ?

ನನ್ನ ಸಹೋದ್ಯೋಗಿಯೊಬ್ಬರು, ಕನ್ನಡ ಮೇಷ್ಟ್ರು, ತಮ್ಮ ತಾಯಿ ಹೇಳುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ವರ್ಷಗಟ್ಟಲೆ ಕೂಡಿಸಿ, ‘ನುಡಿ’ಯಲ್ಲಿ ಟೈಪು ಮಾಡಿಟ್ಟಿದ್ದರು. ಯಂತ್ರ ಕೈಕೊಟ್ಟಾಗ ಅಂಗಡಿಯ ಹುಡುಗ ಕೇಳಿದ: ‘ಸಿ ಡ್ರೈವ್‌ನಲ್ಲಿ ಮುಖ್ಯವಾದದ್ದು ಏನೂ ಇಲ್ಲ ತಾನೆ ಸಾರ್?’ ಮೇಷ್ಟ್ರು ನಿಶ್ಚಿಂತೆಯಿಂದ ಹೇಳಿದರು: ‘ಏನೂ ಇಲ್ಲಪ್ಪ, ನಂದೆಲ್ಲ ಡೆಸ್ಕ್‌ಟಾಪ್ ಮೇಲೇ ಇದೆ.’ ಹುಡುಗ ಮೊದಲ ಎರಡು ಪದ ಕೇಳಿಸಿಕೊಂಡ, ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ.

ಡೆಸ್ಕ್‌ಟಾಪ್ ಎಂದು ಪರದೆಯ ಮೇಲೆ ಕಾಣುವುದೆಲ್ಲ ಇರುವುದು ಸಿ ಡ್ರೈವಿನ ಒಳಗೆ, ‘ಯೂಸರ್ಸ್’ ಎಂಬ ಫೋಲ್ಡರಿನಲ್ಲಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಅಲ್ಲೇ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಬುಕ್‌ಮಾರ್ಕುಗಳು ಅದರೊಳಗಿನ ಕಣ್ಣಿಗೆ ಕಾಣದ ಫೋಲ್ಡರುಗಳಲ್ಲಿ. ಅಂಗಡಿಯ ಟ್ಯಾಲಿ ಲೆಕ್ಕವೂ, ಯಾರಾದರೂ ಬೇರೆ ಕಡೆ ಇಡಲು ಹೇಳಿಲ್ಲದಿದ್ದರೆ, ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ. ‘ಸಿ ಎಂದರೆ ವಿಂಡೋಸಿನದು, ಡಿ ಎಂದರೆ ನಮ್ಮದು’ ಎಂಬ ನಂಬಿಕೆ ಎಲ್ಲಿಂದ ಬಂತೋ, ಅದರಿಂದ ಆಗಿರುವ ನಷ್ಟ ಅಷ್ಟಿಷ್ಟಲ್ಲ.

ಮೇಷ್ಟ್ರ ಕಥೆಯಲ್ಲಿ ಇನ್ನೂ ಒಂದು ಪಾಠವಿದೆ. ಕಳೆದುಹೋದ ಫೈಲು ಹುಡುಕಿಕೊಡುವವರ ಬಳಿ ಡಿಸ್ಕನ್ನು ಒಯ್ದರು. ಹಲವು ಫೈಲುಗಳು ಹೆಸರಿಲ್ಲದೆ, ಬರೀ ಸಂಖ್ಯೆಗಳಾಗಿ ಸಿಕ್ಕವು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ‘ಎಲ್ಲ ಕೆಟ್ಟಿವೆ ಸಾರ್, ಬಿಸಾಡಿ’ ಎಂದರಂತೆ. ನಮ್ಮ ಶಾಲೆಯ ಕಂಪ್ಯೂಟರ್ ಟೀಚರಮ್ಮ ಅದನ್ನು ನೋಡಿ, ಇದು ಕೆಟ್ಟಿದ್ದಲ್ಲ, ನುಡಿಯ ಹಳೆಯ ಫಾಂಟು ಇಲ್ಲದ್ದು ಎಂದು ಕಂಡುಹಿಡಿದರು. ನುಡಿ, ಬರಹಗಳ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದಂಥವು. ಈಗಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ, ಹಳೆಯವುಗಳಲ್ಲಿ ಇರಲಿಲ್ಲ. ಫಾಂಟುಗಳು ಇರುವುದು ವಿಂಡೋಸಿನ ಫೋಲ್ಡರಿನಲ್ಲಿ. ಫಾರ್ಮ್ಯಾಟ್ ಮಾಡಿದರೆ ಅವೂ ಹೋಗುತ್ತವೆ. ಫಾಂಟು ಹಾಕಿದೊಡನೆ ಕನ್ನಡ ಕಾಣಿಸಿತು. ಆದರೆ ಅರ್ಧದಷ್ಟು ಹಾಡುಗಳು ಮೇಲೆ ಬರೆಸಿಕೊಂಡು ಹೋಗಿದ್ದವು. ಹೇಳಿಕೊಟ್ಟ ತಾಯಿ ಆ ವೇಳೆಗೆ ತೀರಿಕೊಂಡಿದ್ದರು.

ಸರ್ಕಾರಿ ಕಚೇರಿ, ಶಾಲೆ, ಡಿಟಿಪಿ ಅಂಗಡಿಗಳಲ್ಲಿ ಇಂಥ ಹಳೆಯ ನುಡಿ ಫೈಲುಗಳು ಇಂದಿಗೂ ರಾಶಿ ರಾಶಿ ಇವೆ. ಫಾರ್ಮ್ಯಾಟಿಗೆ ಮೊದಲು ಫಾಂಟುಗಳನ್ನೂ ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ.

ಅಳಿಸದೆಯೂ ಹಾಕಬಹುದು

‘ಹಳೆಯದರ ಮೇಲೆ ಹೊಸದು ಹಾಕಿದರೆ ಹಳೆಯ ಕೊಳೆ ಉಳಿಯುತ್ತದೆ’ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. ವಿಂಡೋಸ್ 95, 98ರ ಕಾಲದಲ್ಲಿ ಫಾರ್ಮ್ಯಾಟ್ ಮಾಡದೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಅದು ಅದೇ ಫೋಲ್ಡರಿನ ಮೇಲೆಯೇ ಬರೆಯುತ್ತಿತ್ತು. ರಿಜಿಸ್ಟ್ರಿ ಎಂಬ ಸೆಟ್ಟಿಂಗುಗಳ ಉಗ್ರಾಣ ಹಳೆಯದೇ ಇರುತ್ತಿತ್ತು, ರೋಗವೂ ಮುಂದುವರಿಯುತ್ತಿತ್ತು. ಆಗಿನ ಮೆಕ್ಯಾನಿಕ್ಕುಗಳು ಡಾಸ್ ಪರದೆಯಲ್ಲಿ ‘ಫಾರ್ಮ್ಯಾಟ್ ಸಿ’ ಎಂದು ಟೈಪಿಸಿ ಎಂಟರ್ ಒತ್ತುತ್ತಿದ್ದುದಕ್ಕೆ ಕಾರಣವಿತ್ತು. ಆಜ್ಞೆ ಬದಲಾದರೂ ಅಭ್ಯಾಸ ಬದಲಾಗಿಲ್ಲ.

ವಿಸ್ಟಾದಿಂದ ಈಚೆಗೆ ರೀತಿ ಬೇರೆ. ಫಾರ್ಮ್ಯಾಟ್ ಮಾಡದೆ ಅದೇ ಜಾಗಕ್ಕೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ, ಹಳೆಯ ವಿಂಡೋಸ್, ಹಳೆಯ ಪ್ರೋಗ್ರಾಂಗಳು, ಹಳೆಯ ಯೂಸರ್ಸ್ ಫೋಲ್ಡರು ಎಲ್ಲವನ್ನೂ ಗಂಟು ಕಟ್ಟಿ ‘ವಿಂಡೋಸ್ ಓಲ್ಡ್’ ಎಂಬ ಹೆಸರಿನ ಫೋಲ್ಡರಿನಲ್ಲಿ ಪಕ್ಕಕ್ಕಿಡುತ್ತದೆ. ಹೊಸ ವಿಂಡೋಸಿಗೆ ಹೊಸ ರಿಜಿಸ್ಟ್ರಿ. ಹಳೆಯ ಕೊಳೆ ಗಂಟಿನೊಳಗೇ ಇರುತ್ತದೆ, ನಿಮ್ಮ ಫೋಟೋಗಳೂ ಗಂಟಿನೊಳಗೇ ಇರುತ್ತವೆ. ಬೇಕಾದ್ದನ್ನು ತೆಗೆದುಕೊಂಡು ಆಮೇಲೆ ಗಂಟನ್ನು ಎಸೆಯಬಹುದು. ತಡಮಾಡಬೇಡಿ, ಕೆಲವು ದಿನಗಳ ನಂತರ ವಿಂಡೋಸೇ ಅದನ್ನು ಅಳಿಸಿಬಿಡಬಹುದು. ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಜಾಗವೂ ಬೇಕು.

ಇದಕ್ಕಿಂತ ಸೌಮ್ಯವಾದ ದಾರಿಗಳೂ ಇವೆ. ವಿಂಡೋಸ್ ಹೇಗೋ ತೆರೆದುಕೊಳ್ಳುತ್ತಿದ್ದರೆ, ಅದರೊಳಗಿನಿಂದಲೇ ಸೆಟಪ್ ಓಡಿಸಿ ‘ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೋ’ ಎಂದು ಆರಿಸಿದರೆ ನಿಮ್ಮ ಪ್ರೋಗ್ರಾಂಗಳೂ ಉಳಿಯುತ್ತವೆ. ವಿಂಡೋಸ್ 10ರಿಂದ 11ಕ್ಕೆ ಹೋಗುವುದಕ್ಕೂ ಇದೇ ದಾರಿ ಸಾಕು, ಫಾರ್ಮ್ಯಾಟ್ ಬೇಕಿಲ್ಲ. ಇನ್ನು ಸೆಟ್ಟಿಂಗ್ಸಿನಲ್ಲಿರುವ ‘ರೀಸೆಟ್’. ಅಲ್ಲಿ ‘ನನ್ನ ಫೈಲುಗಳನ್ನು ಉಳಿಸು’ ಎಂದು ಆರಿಸಿದರೆ ಪ್ರೋಗ್ರಾಂಗಳು ಹೋಗುತ್ತವೆ, ನಿಮ್ಮ ಸ್ವಂತ ಫೈಲುಗಳು ಉಳಿಯುತ್ತವೆ. ಇದೊಂದನ್ನೂ ಪ್ರಯತ್ನಿಸದೆ ನೇರವಾಗಿ ಫಾರ್ಮ್ಯಾಟಿಗೆ ಕೈಹಾಕುವುದು ನೆಗಡಿಗೆ ಮೂಗು ಕೊಯ್ದಂತೆ.

ಮಾಡಲೇಬೇಕಾದಾಗ

ವೈರಸ್ ಹೊಕ್ಕ ಯಂತ್ರದ ಮಾತು ಬೇರೆ. ಅಲ್ಲಿ ನಾನು ಫಾರ್ಮ್ಯಾಟಿನ ಪಕ್ಷ. ಯಾವ ಫೈಲನ್ನು ಮುಟ್ಟಿದೆ, ಯಾವುದನ್ನು ಬಿಟ್ಟಿದೆ ಎಂದು ಖಚಿತವಾಗಿ ಹೇಳಲಾಗದಿದ್ದಾಗ ಸಂಪೂರ್ಣ ಅಳಿಸುವುದೇ ಕ್ಷೇಮ. ಆದರೆ ಬರೀ ಸಿ ಡ್ರೈವ್ ಅಳಿಸಿದರೆ ಸಾಲದು. ಕೆಲವು ವರ್ಷಗಳ ಹಿಂದೆ ಎಷ್ಟೋ ಜನ ಇದರ ರುಚಿ ಕಂಡಿದ್ದಾರೆ. ಫಾರ್ಮ್ಯಾಟ್ ಮಾಡಿಸಿ ಮನೆಗೆ ತಂದು, ಡಿ ಡ್ರೈವಿನ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಲೇ ಅದೇ ವೈರಸ್ ಹಾಜರು! ಡಿ ಡ್ರೈವಿನಲ್ಲಿ ‘ಆಟೋರನ್’ ಎಂಬ ಪುಟ್ಟ ಫೈಲಿನ ಆಸರೆಯಲ್ಲಿ ಅದು ಕಾದು ಕುಳಿತಿರುತ್ತಿತ್ತು. ಪೆನ್‌ಡ್ರೈವುಗಳು ತಾವಾಗಿಯೇ ಪ್ರೋಗ್ರಾಂ ಓಡಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸುಗಳಲ್ಲೂ ಕಡಿತಗೊಳಿಸಿದ ಮೇಲೆ ಆ ಉಪಟಳ ತಗ್ಗಿತು.

ಅದಕ್ಕೂ ಹಿಂದೆ, 1992ರ ಮಾರ್ಚಿನಲ್ಲಿ ಲೋಕಕ್ಕೆಲ್ಲ ಭಯ ಹುಟ್ಟಿಸಿದ ಮೈಕೆಲೇಂಜೆಲೊ ವೈರಸ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಅಡಗುತ್ತಿತ್ತು. ಅದು ಸಿ ಡ್ರೈವಿನ ಗಡಿಯ ಆಚೆಗಿನ ಜಾಗ. ಸಿ ಡ್ರೈವನ್ನು ನೂರು ಸಲ ಫಾರ್ಮ್ಯಾಟ್ ಮಾಡಿದರೂ ಅಲ್ಲಿಗೆ ಬಿಸಿ ತಟ್ಟುತ್ತಿರಲಿಲ್ಲ. 2018ರಲ್ಲಿ ಇಸೆಟ್ ಕಂಪನಿಯ ತಜ್ಞರು ಬಯಲಿಗೆಳೆದ ಲೋಜ್ಯಾಕ್ಸ್ ಎಂಬುದು ಡಿಸ್ಕನ್ನೇ ಬಿಟ್ಟು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬೀಡುಬಿಟ್ಟಿತ್ತು. ಡಿಸ್ಕನ್ನು ಬದಲಿಸಿದರೂ ಹೋಗದು. ಇಂಥವು ಅಪರೂಪ, ನಮ್ಮ ನಿಮ್ಮ ಮನೆಗೆ ಬರುವ ಸಂಭವ ಕಡಿಮೆ. ಫಾರ್ಮ್ಯಾಟಿಗೂ ಒಂದು ಮಿತಿಯಿದೆ ಎಂದು ತಿಳಿಯಲು ಹೇಳಿದೆ. ವೈರಸ್ಸಿಗಾಗಿ ಅಳಿಸುವುದಾದರೆ ಬೇಕಾದ ಫೋಟೋ, ಪತ್ರಗಳನ್ನು ಹೊರತೆಗೆದು ಶೋಧಿಸಿ, ಎಲ್ಲ ಪಾರ್ಟಿಷನ್‌ಗಳನ್ನೂ ಕಿತ್ತುಹಾಕಿ ಹೊಸದಾಗಿ ಮಾಡಿ. ಹಳೆಯ ಪ್ರೋಗ್ರಾಂ ಫೈಲುಗಳನ್ನು ಮಾತ್ರ ವಾಪಸು ತರಬೇಡಿ.

ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದಿದ್ದರೆ ಆತುರದಿಂದ ಅಳಿಸಬೇಡಿ. ಯುರೋಪಿನ ಪೊಲೀಸ್ ಸಂಸ್ಥೆಗಳು, ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ಯೋಜನೆಯಲ್ಲಿ ಇಂಥ ಹಲವು ಬೀಗಗಳ ಕೀಲಿಕೈ ಉಚಿತವಾಗಿ ಸಿಗುತ್ತದೆ. ಇಂದು ಇಲ್ಲದ ಕೀಲಿ ಮುಂದೆ ಸಿಕ್ಕೀತು. ಆ ಡಿಸ್ಕನ್ನು ತೆಗೆದು ಬೀರುವಿನಲ್ಲಿಟ್ಟು, ಬೇರೆ ಡಿಸ್ಕು ಹಾಕಿ ಕೆಲಸ ಮುಂದುವರಿಸಿ.

ಯಂತ್ರವನ್ನು ಮಾರುವಾಗ, ದಾನ ಕೊಡುವಾಗ ಅಳಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಅಳಿಸಬೇಕೆಂಬುದು ಗೊತ್ತಿಲ್ಲ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್, ಹಳೆಯ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಸಾಧ್ಯವಾದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಒಂದು ಡಿಸ್ಕಂತೂ ಬ್ಯಾಂಕಿನ ಎಟಿಎಂ ಯಂತ್ರದ್ದು, ಖಾತೆ ಸಂಖ್ಯೆಗಳ ಸಮೇತ! ರಿಜಿಸ್ಟರ್ ಎಸೆದವರು ಪುಸ್ತಕ ಎಸೆದಿರಲಿಲ್ಲ. ತಿರುಗುವ ತಟ್ಟೆಯ ಡಿಸ್ಕನ್ನು ಕೈಬಿಡುವಾಗ ಪೂರ್ಣ ಫಾರ್ಮ್ಯಾಟಿಗೆ ಬೇಕಾಗುವ ಆ ಎರಡು ಗಂಟೆ ವ್ಯರ್ಥವಲ್ಲ.

ಈಗಿನ ಎಸ್‌ಎಸ್‌ಡಿಗಳದು ತಿರುಗುಮುರುಗು ನ್ಯಾಯ. ಅದರಲ್ಲಿ ತಟ್ಟೆಯಿಲ್ಲ, ಚಿಪ್ಪುಗಳಿವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದೊಡನೆ ‘ಟ್ರಿಮ್’ ಎಂಬ ಸೂಚನೆ ಹೋಗುತ್ತದೆ. 2009ರ ವಿಂಡೋಸ್ 7ರಿಂದ ಈ ಏರ್ಪಾಡು ಇದೆ. ‘ಈ ಪುಟಗಳು ಇನ್ನು ಬೇಡ’ ಎಂದು ಕೇಳಿದ ಡಿಸ್ಕು ತನ್ನ ಪಾಡಿಗೆ ಅವನ್ನು ಅಳಿಸುತ್ತಾ ಹೋಗುತ್ತದೆ. ಹಳೆಯ ಡಿಸ್ಕಿನಲ್ಲಿ ಫೈಲು ಹುಡುಕಿಕೊಡುತ್ತಿದ್ದ ಸಾಫ್ಟ್‌ವೇರುಗಳು ಇಲ್ಲಿ ಬಹುಮಟ್ಟಿಗೆ ಕೈಚೆಲ್ಲುತ್ತವೆ. ನಮ್ಮ ಕನ್ನಡ ಮೇಷ್ಟ್ರ ಯಂತ್ರದಲ್ಲಿ ಎಸ್‌ಎಸ್‌ಡಿ ಇದ್ದಿದ್ದರೆ ಆ ಅರ್ಧ ಹಾಡುಗಳೂ ಸಿಗುತ್ತಿರಲಿಲ್ಲ.

ಶಬ್ದ ಕೇಳಿಸಿಕೊಳ್ಳಿ

ನಿಧಾನವಾದ ಯಂತ್ರಗಳೆಲ್ಲ ವಿಂಡೋಸಿನಿಂದಲೇ ನಿಧಾನವಾಗಿರುವುದಿಲ್ಲ. ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುವಾಗ ಓದುವ ಮುಳ್ಳು ಅದರಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಡಿಸ್ಕು ಸವೆಯುತ್ತಾ ಬಂದಾಗ ಒಂದೇ ಸೆಕ್ಟರನ್ನು ಹತ್ತಾರು ಸಲ ಓದಲು ಹೆಣಗುತ್ತದೆ. ಹೊರಗೆ ಟಿಕ್ ಟಿಕ್ ಶಬ್ದ, ಪರದೆಯ ಮೇಲೆ ಬರೀ ಸುತ್ತುವ ಚಕ್ರ. ಇಂಥ ಡಿಸ್ಕಿಗೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ತುಂಬುವುದೆಂದರೆ ಉಬ್ಬಸದವನನ್ನು ಬೆಟ್ಟ ಹತ್ತಿಸಿದಂತೆ. ಒಂದು ತಿಂಗಳು ನಡೆದೀತು, ಆಮೇಲೆ ಎಲ್ಲವೂ ಒಟ್ಟಿಗೆ ಹೋದೀತು. ಶಬ್ದ ಕೇಳಿದ ದಿನವೇ ಮುಖ್ಯ ಫೈಲುಗಳನ್ನು ಹೊರತೆಗೆದು ಹೊಸ ಡಿಸ್ಕು ಕೊಳ್ಳಿ. ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೂ ಹೊಸ ಜೀವ ಬರುತ್ತದೆ.

ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ತೊಡಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ಬೀಗ ಬಿದ್ದಿರಬಹುದು. ವಿಂಡೋಸ್ 11ರ 2024ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಹೆಚ್ಚಿನ ಯಂತ್ರಗಳಲ್ಲಿ ಇದು ತಾನಾಗಿಯೇ ಬೀಳುತ್ತದೆ. ಅದರ ಕೀಲಿ 48 ಅಂಕಿಗಳದು, ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ಸಿ ಡ್ರೈವ್ ಅಳಿಸಿ ಹೊಸ ವಿಂಡೋಸ್ ಹಾಕಿದ ಮೇಲೆ ‘ಡಿ ಡ್ರೈವ್ ಸುರಕ್ಷಿತವಾಗಿದೆ’ ಎಂದು ತೆರೆಯಹೋದರೆ 48 ಅಂಕಿ ಕೇಳುತ್ತದೆ. ಖಾತೆಯ ಪಾಸ್‌ವರ್ಡೂ ಮರೆತಿದ್ದರೆ ಆ ಡಿ ಡ್ರೈವು ಬೀಗದ ಕೈ ಇಲ್ಲದ ತಿಜೋರಿ. ಮೊದಲೇ ಕೀಲಿಯನ್ನು ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ವಿಚಾರಿಸಿ ಫಾರ್ಮ್ಯಾಟ್ ಮಾಡಿಸುವುದೇ ಸರಿ ಎಂದು ತೀರ್ಮಾನಿಸಿದಿರೆನ್ನಿ. ಬೇಕಾದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ನಕಲು ಆಗಿದೆ ಎನ್ನುವುದು ಬೇರೆ, ತೆರೆಯುತ್ತದೆ ಎನ್ನುವುದು ಬೇರೆ. ನೋಡಿಯಾದ ಮೇಲೆ ಅದನ್ನು ಕಳಚಿ ಮನೆಯಲ್ಲೇ ಇಡಿ, ಅಂಗಡಿಗೆ ಒಯ್ಯಬೇಡಿ.

ಇನ್ನೊಂದು ಸಣ್ಣ ವಿಷಯ. ಪೆನ್‌ಡ್ರೈವಿನಿಂದ ಸೆಟಪ್ ಆರಂಭಿಸಿದಾಗ ಬರುವ ಪಟ್ಟಿಯಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ‘ಡ್ರೈವ್ 0 ಪಾರ್ಟಿಷನ್ 1’, ‘ಪಾರ್ಟಿಷನ್ 2’ ಎಂದು ಸಾಲಾಗಿ ಇರುತ್ತವೆ, ಪಕ್ಕದಲ್ಲಿ ಅವುಗಳ ಗಾತ್ರ. ಸಿ ಮತ್ತು ಡಿ ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರದ್ದಾಗಿದ್ದರೆ ಅನುಭವಿಗಳೂ ತಪ್ಪುತ್ತಾರೆ. ಆದ್ದರಿಂದ ಯಂತ್ರ ಕೊಡುವ ಮೊದಲೇ ಯಾವುದು ಎಷ್ಟು ಗಿಗಾಬೈಟ್ ಎಂದು ನೋಡಿ, ಒಂದು ಚೀಟಿಯಲ್ಲಿ ಬರೆದು, ಯಾವುದನ್ನು ಮುಟ್ಟಬಾರದೋ ಅದರ ಕೆಳಗೆ ಗೆರೆ ಎಳೆದು ಕಂಪ್ಯೂಟರಿನ ಮೇಲೆ ಅಂಟಿಸಿ. ಅಂಗಡಿಯ ಹುಡುಗ ನಗಬಹುದು, ನಗಲಿ.